ಮೀನಪ್ಪನ ಬೆನ್ನು ಹತ್ತಿ

ಹೆಸರು ಗೊತ್ತಿಲ್ಲದ ಪುಸ್ತಕವನ್ನು ಅಂಗಡಿಯಲ್ಲಿ ಕೇಳುವುದಕ್ಕೆ ಒಂದು ಬಗೆಯ ಭಂಡತನ ಬೇಕು. ಬರೆದವರು ಯಾರು ಎಂದರೆ ಗೊತ್ತಿಲ್ಲ. ಪ್ರಕಾಶಕರು ಯಾರು ಎಂದರೆ ರಷ್ಯಾದವರು. ಮುಖಪುಟ ಹೇಗಿತ್ತು ಎಂದರೆ ನೋಡೇ ಇಲ್ಲ. ಕೊನೆಗೆ ಅಂಗಡಿಯವರೇ ಕನಿಕರಪಟ್ಟು, ‘ಕಥೆ ಏನು ಮೇಡಂ, ಹೇಳಿ’ ಅನ್ನುತ್ತಾರೆ. ಆಗ ಅರ್ಧ ತಲೆ ನರೆತ ನಾನು ಅವೆನ್ಯೂ ರಸ್ತೆಯ ಗಲಾಟೆಯ ನಡುವೆ ನಿಂತು, ‘ಒಬ್ಬ ಡಾಕ್ಟರು ಒಂದು ಕೂಸಿಗೆ ಶಾರ್ಕ್ ಮೀನಿನ ಕಿವಿರು ಕೂರಿಸುತ್ತಾನೆ, ಅದು ದೊಡ್ಡದಾಗಿ ಸಮುದ್ರದೊಳಗೇ ಓಡಾಡಿಕೊಂಡಿರುತ್ತೆ...’ ಎಂದು ಶುರು ಹಚ್ಚಿಕೊಳ್ಳಬೇಕು. ಪಕ್ಕದಲ್ಲಿ ಎಂಜಿನಿಯರಿಂಗ್ ಗೈಡುಗಳಿಗಾಗಿ ಚೌಕಾಸಿ ಮಾಡುತ್ತಿದ್ದ ಹುಡುಗರು ಚೌಕಾಸಿ ನಿಲ್ಲಿಸಿ ಕಿವಿ ಕೊಡುತ್ತಾರೆ.

ಉತ್ತರಗಳಿಗೇನೂ ಬರವಿರಲಿಲ್ಲ. ಒಬ್ಬರು ಜೂಲ್ಸ್ ವರ್ನ್‌ನ ಜಲಾಂತರ್ಗಾಮಿ ಕಾದಂಬರಿಯನ್ನು ಕೈಗಿತ್ತರು. ಇನ್ನೊಬ್ಬರು ಅದು ಕಾಮಿಕ್ಸೇ ಇರಬೇಕೆಂದು ಹಠ ಹಿಡಿದರು. ವಯಸ್ಸಾದ ಒಬ್ಬರು ಮಾತ್ರ ಕನ್ನಡಕ ಮೇಲೇರಿಸಿ, ‘ನೀವು ಓದಿದ್ದೋ, ಯಾರಾದ್ರೂ ಹೇಳಿದ್ದೋ?’ ಎಂದು ಕೇಳಿದರು. ಹುಡುಕಾಟದುದ್ದಕ್ಕೂ ನನ್ನನ್ನು ಯಾರಾದರೂ ಕೇಳಿದ ಸರಿಯಾದ ಪ್ರಶ್ನೆ ಅದೊಂದೇ.

ನಾನು ಅದನ್ನು ಓದಿರಲಿಲ್ಲ, ಕೇಳಿದ್ದೆ. ಹೇಳಿದ್ದು ನನ್ನ ಸೋದರಮಾವ. 1980ರ ದಶಕದ ಉತ್ತರಾರ್ಧ. ದಾವಣಗೆರೆಯಲ್ಲಿ ಹತ್ತಿ ಗಿರಣಿಗಳ ಸೈರನ್ನಿಗೆ ಜನ ಇನ್ನೂ ಗಡಿಯಾರ ಹೊಂದಿಸಿಕೊಳ್ಳುತ್ತಿದ್ದ ಕೊನೆಯ ವರ್ಷಗಳು. ಮಾಮ ಸ್ಪಿನ್ನಿಂಗ್ ಖಾತೆಯಲ್ಲಿದ್ದ. ಕೆಂಬಾವುಟದ ಯೂನಿಯನ್ನಿನವನು. ಬೇಸಿಗೆ ರಜೆಗೆ ನಾವು ಮಕ್ಕಳೆಲ್ಲ ಅಜ್ಜಿಯ ಮನೆಗೆ ಹೋದರೆ, ಎರಡನೇ ಪಾಳಿ ಮುಗಿಸಿ ನಡುರಾತ್ರಿ ಮನೆಗೆ ಬಂದು, ಕೂದಲಲ್ಲಿ ಸಿಕ್ಕಿಕೊಂಡ ಹತ್ತಿಯ ಎಳೆಗಳನ್ನು ಬಚ್ಚಲಲ್ಲಿ ತೊಳೆದು, ಬೆಳಿಗ್ಗೆ ತಡವಾಗಿ ಏಳುತ್ತಿದ್ದ. ಮಧ್ಯಾಹ್ನ ಊಟವಾಗಿ ಪಾಳಿಗೆ ಹೊರಡುವ ತನಕದ ಹೊತ್ತು ನಮ್ಮದು. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಮಾಮನ ಕಥೆ.

ಓದಿದ್ದು ಎಸ್ಸೆಸ್ಸೆಲ್ಸಿಯವರೆಗೆ ಮಾತ್ರ. ಇಂಗ್ಲಿಷನ್ನು ಅವನು ಕಲಿತದ್ದೇ ಸೋವಿಯತ್ ಪುಸ್ತಕಗಳಿಂದ. ಆಗ ನವಕರ್ನಾಟಕದವರು ಊರೂರಿಗೆ ಬಂದು ಪುಸ್ತಕ ಪ್ರದರ್ಶನ ಹಾಕುತ್ತಿದ್ದರು. ಮದರಾಸಿನ ಕಡೆ ನ್ಯೂ ಸೆಂಚುರಿ ಬುಕ್ ಹೌಸ್, ಆಂಧ್ರದಲ್ಲಿ ವಿಶಾಲಾಂಧ್ರ, ಕೇರಳದಲ್ಲಿ ಪ್ರಭಾತ್, ದೆಹಲಿಯಲ್ಲಿ ಪೀಪಲ್ಸ್ ಪಬ್ಲಿಷಿಂಗ್ ಹೌಸ್ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಅವರು ಮಾಡುತ್ತಿದ್ದರು. ಭಾರತ–ಸೋವಿಯತ್ ವ್ಯಾಪಾರ ರೂಪಾಯಿಯಲ್ಲೇ ನಡೆಯುತ್ತಿತ್ತು, ಪುಸ್ತಕಕ್ಕೆ ಅಲ್ಲಿನ ಸರ್ಕಾರದ ದುಡ್ಡಿತ್ತು. ಹಾಗಾಗಿ ಗಟ್ಟಿ ರಟ್ಟಿನ, ದಾರದಲ್ಲಿ ಹೊಲಿದ ಬೈಂಡಿನ ಪುಸ್ತಕ ಗಿರಣಿ ಕಾರ್ಮಿಕನ ಜೇಬಿಗೂ ಎಟುಕುತ್ತಿತ್ತು. ಪೆರೆಲ್ಮನ್‌ನ ಮೋಜಿನ ಭೌತಶಾಸ್ತ್ರ, ಗಾರ್ಕಿಯ ‘ತಾಯಿ’, ಚದುರಂಗದ ಪುಸ್ತಕ, ಟ್ರಾನ್ಸಿಸ್ಟರ್ ರಿಪೇರಿಯ ಪುಸ್ತಕ ಎಲ್ಲವೂ ಮಾಮನ ಟ್ರಂಕಿನಲ್ಲಿ ಅಕ್ಕಪಕ್ಕದಲ್ಲಿದ್ದವು. ಎಲ್ಲಕ್ಕೂ ಒಂದೇ ಅಂಗಿ. ‘ಸೋವಿಯತ್ ಲ್ಯಾಂಡ್’ ಪತ್ರಿಕೆಯ ನುಣುಪು ಕಾಗದಕ್ಕಿಂತ ಒಳ್ಳೆಯ ರ‍್ಯಾಪರ್ ಆ ಕಾಲದಲ್ಲಿ ಇರಲಿಲ್ಲ. ನಮ್ಮ ಶಾಲೆಯ ಗಣಿತ ಪುಸ್ತಕಕ್ಕೂ ಅದೇ, ಮಾಮನ ಕಾದಂಬರಿಗೂ ಅದೇ. ಸಮುದ್ರದ ಹುಡುಗನ ಕಥೆಗೆ ಸುತ್ತಿದ ಹಾಳೆಯ ಮೇಲೆ ಒಂದು ಕೆಂಪು ಟ್ರ್ಯಾಕ್ಟರ್, ಅದರ ಮೇಲೆ ತಲೆಗೆ ವಸ್ತ್ರ ಕಟ್ಟಿಕೊಂಡು ನಗುವ ಹೆಂಗಸು. ಅದರ ಕೆಳಗಿನ ನಿಜವಾದ ಮುಖಪುಟವನ್ನು ನಾನು ಒಮ್ಮೆಯೂ ನೋಡಲಿಲ್ಲ. ಮಾಮನ ಪುಸ್ತಕದ ರ‍್ಯಾಪರ್ ಬಿಚ್ಚುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಹೆಸರುಗಳೂ ಉಪಯೋಗಕ್ಕೆ ಬರುವಂತಿರಲಿಲ್ಲ. ಕಥಾನಾಯಕನ ಹೆಸರು ಬಾಯಿಗೆ ತೊಡಕಾಗುತ್ತೆಂದು ಮಾಮ ಅವನನ್ನು ಮೀನಪ್ಪ ಎಂದೇ ಕರೆದುಬಿಟ್ಟಿದ್ದ. ಡಾಕ್ಟರು ಡಾಕ್ಟರೇ. ಖಳನಾಯಕ ಹಡಗಿನ ಸಾಹುಕಾರ. ಹುಡುಗಿಗೆ ಅವನ ಕಥೆಯಲ್ಲಿ ಹೆಸರೇ ಇರಲಿಲ್ಲ, ‘ಆ ಹುಡುಗಿ’ ಅಷ್ಟೇ. ಇಷ್ಟನ್ನು ಇಟ್ಟುಕೊಂಡು ಇಂಟರ್ನೆಟ್ಟಿನಲ್ಲಿ ಏನು ಹುಡುಕುತ್ತೀರಿ? ‘ಮೀನಪ್ಪ’ ಎಂದು ಹಾಕಿದರೆ ಎಲ್ಲೆಲ್ಲಿಯ ಮೀನಪ್ಪಂದಿರ ಮತದಾರರ ಪಟ್ಟಿಯೋ ಬಂದು ಬೀಳುತ್ತದೆ.

ಮಾಮ ತೀರಿಕೊಂಡ ಮೇಲೆ ಟ್ರಂಕು ಖಾಲಿಯಾಯಿತು. ಅತ್ತೆಯನ್ನು ದೂರುವಂತಿಲ್ಲ. ಗಿರಣಿ ಮುಚ್ಚಿ, ಬರಬೇಕಾದ ಬಾಕಿ ಬಾರದೆ ಕಂಗಾಲಾದ ಮನೆಯಲ್ಲಿ ರದ್ದಿಯ ದುಡ್ಡೂ ದುಡ್ಡೇ.

ಮೀನಪ್ಪನಿಗೆ ಅವನ ನಿಜವಾದ ಹೆಸರು ಸಿಕ್ಕಿದ್ದು ಆಫೀಸಿನ ಕ್ಯಾಂಟೀನಿನಲ್ಲಿ. ಕಲ್ಕತ್ತೆಯ ಸಹೋದ್ಯೋಗಿಯೊಬ್ಬರು ಯಾವುದೋ ಮಾತಿಗೆ ಸೋವಿಯತ್ ಪುಸ್ತಕಗಳ ಪ್ರಸ್ತಾಪ ಎತ್ತಿದರು. ನಾನು ಅಭ್ಯಾಸಬಲದಿಂದ, ‘ಒಬ್ಬ ಡಾಕ್ಟರು ಒಂದು ಕೂಸಿಗೆ...’ ಎಂದು ಬಾಯಿ ತೆರೆದೆ. ಅಷ್ಟಕ್ಕೇ ಅವರು ಚಮಚ ಕೆಳಗಿಟ್ಟು, ‘ಇಕ್ತಿಯಾಂಡರ್!’ ಎಂದು ಕೂಗಿದರು. ಸುತ್ತಲಿನ ನಾಲ್ಕು ಮೇಜಿನವರು ತಿರುಗಿ ನೋಡಿದರು. ಬಂಗಾಳದಲ್ಲಿ ಆ ಕಾದಂಬರಿ ಗೊತ್ತಿಲ್ಲದ ಅವರ ವಯಸ್ಸಿನ ಓದುಗರೇ ಇಲ್ಲ ಎಂಬುದು ಅವರ ವಾದ. ಮಾಸ್ಕೋದಲ್ಲೇ ನೆಲೆಸಿ ರಷ್ಯನ್ ಪುಸ್ತಕಗಳನ್ನು ಬಂಗಾಳಿಗೆ ತಂದ ನನಿ ಭೌಮಿಕ್ ಅದನ್ನೂ ಅನುವಾದಿಸಿದ್ದರಂತೆ. ಕನ್ನಡದಲ್ಲೂ ಮಾಸ್ಕೋದಿಂದ ಪುಸ್ತಕಗಳು ಅಚ್ಚಾಗಿ ಬರುತ್ತಿದ್ದವು. ಆದರೆ ಇದನ್ನು ನಮಗೆ ಅನುವಾದಿಸಿ ಹೇಳಲು ಮಾಮನೇ ಬೇಕಾಯಿತು.

ಅಲೆಕ್ಸಾಂಡರ್ ಬೆಲ್ಯಾಯೆವ್ ಬರೆದ ಕಾದಂಬರಿ ಅದು, 1928ರದ್ದು. ಇಂಗ್ಲಿಷಿನಲ್ಲಿ ‘ದಿ ಆಂಫಿಬಿಯನ್’. ಹೆಸರು ಸಿಕ್ಕಿದ ಮೇಲೆ ಮಿಕ್ಕಿದ್ದೆಲ್ಲ ಒಂದೇ ಸಂಜೆಯಲ್ಲಿ ನುಗ್ಗಿಕೊಂಡು ಬಂತು. ಕಥೆ ನಡೆಯುವುದು ಅರ್ಜೆಂಟೀನಾದ ಕಡಲತೀರದಲ್ಲಿ. ಮುತ್ತು ತೆಗೆಯುವವರು ಸಮುದ್ರದಲ್ಲೊಂದು ಪಿಶಾಚಿ ಇದೆಯೆಂದು ಹೆದರಿಕೊಂಡಿದ್ದಾರೆ. ಅದು ಬಲೆ ಕತ್ತರಿಸುತ್ತದೆ, ಡಾಲ್ಫಿನ್ ಸವಾರಿ ಮಾಡುತ್ತದೆ, ಬಡವರ ದೋಣಿಗೆ ಮೀನು ಎಸೆದು ಹೋಗುತ್ತದೆ. ಪಿಶಾಚಿ ಬೇರೆ ಯಾರೂ ಅಲ್ಲ, ಡಾಕ್ಟರ್ ಸಾಲ್ವಟೋರ್ ಕಿವಿರು ಕಸಿ ಮಾಡಿ ಬೆಳೆಸಿದ ಹುಡುಗ ಇಕ್ತಿಯಾಂಡರ್. ಹಡಗಿನ ಮಾಲೀಕ ಝುರಿಟಾ ಅವನನ್ನು ಹಿಡಿದು ಸರಪಳಿ ಹಾಕಿ ಮುತ್ತು ತೆಗೆಸಲು ಹೊಂಚುತ್ತಾನೆ. ನೀರಿನಲ್ಲಿ ಮುಳುಗುತ್ತಿದ್ದ ಗುಟ್ಟಿಯೆರೆ ಎಂಬ ಹುಡುಗಿಯನ್ನು ಇಕ್ತಿಯಾಂಡರ್ ಉಳಿಸುತ್ತಾನೆ, ಅವಳಿಗಾಗಿ ನೆಲಕ್ಕೆ ಬರುತ್ತಾನೆ, ಅಲ್ಲಿಂದ ಅವನ ಕಷ್ಟ ಶುರು.

ಈ ಕಥೆಯ ಬೇರು ಇನ್ನೂ ಹಿಂದಕ್ಕಿದೆ. ಇಪ್ಪತ್ತನೇ ಶತಮಾನದ ಆರಂಭದಲ್ಲೇ ಜ್ಯಾನ್ ದ ಲಾ ಇರ್ ಎಂಬ ಫ್ರೆಂಚ್ ಲೇಖಕ ನೀರಿನಲ್ಲಿ ಬದುಕಬಲ್ಲ ಮನುಷ್ಯನ ಬಗ್ಗೆ ಕಾದಂಬರಿ ಬರೆದಿದ್ದ. ಅದರಲ್ಲೂ ಶಾರ್ಕಿನ ಕಿವಿರು. ಆದರೆ ಅಲ್ಲಿ ಆ ಮನುಷ್ಯ ಜಗತ್ತನ್ನು ಗೆಲ್ಲಹೊರಟ ದುಷ್ಟನ ಕೈಯ ಆಯುಧ. ಬೆಲ್ಯಾಯೆವ್ ಆ ಆಯುಧವನ್ನು ಕಿತ್ತುಹಾಕಿ, ಅದರ ಜಾಗದಲ್ಲಿ ಪೇಟೆಯ ಗದ್ದಲಕ್ಕೆ ಬೆದರುವ ಒಬ್ಬ ಸಾಧು ಹುಡುಗನನ್ನು ನಿಲ್ಲಿಸಿದ. ನನಗೆ ಕೇಳಿದರೆ, ಇಡೀ ಕಾದಂಬರಿಯ ಕಸುಬು ಇರುವುದು ಆ ಒಂದು ಬದಲಾವಣೆಯಲ್ಲಿ.

ಬೆಲ್ಯಾಯೆವ್‌ನ ಬದುಕು ತಿಳಿದ ಮೇಲೆ ಕಾದಂಬರಿ ಇನ್ನಷ್ಟು ಕಚ್ಚಿಕೊಂಡಿತು. 1884ರಲ್ಲಿ ಸ್ಮೊಲೆನ್ಸ್ಕ್‌ನಲ್ಲಿ ಪಾದ್ರಿಯ ಮಗನಾಗಿ ಹುಟ್ಟಿದವನು. ಪಾದ್ರಿಗಳ ಶಾಲೆಯಲ್ಲೇ ಓದಿ, ಆಮೇಲೆ ವಕೀಲನಾದ. ಬೆನ್ನುಮೂಳೆಗೆ ಕ್ಷಯ ತಗುಲಿ ಯಾಲ್ಟಾದಲ್ಲಿ ವರ್ಷಗಟ್ಟಲೆ ಹಾಸಿಗೆಯ ಮೇಲೆ, ಪ್ಲಾಸ್ಟರಿನೊಳಗೆ, ಅಲುಗಾಡದೆ ಮಲಗಿದ್ದ. ಆತನ ಇನ್ನೊಂದು ಪ್ರಸಿದ್ಧ ಕಥೆಯಲ್ಲಿ ಒಬ್ಬ ಪ್ರೊಫೆಸರನ ತಲೆ ಮಾತ್ರ ಉಳಿದಿರುತ್ತದೆ, ಮೈ ಇರುವುದಿಲ್ಲ. ಅದು ಎಲ್ಲಿಂದ ಬಂತೆಂದು ಯಾರೂ ವಿವರಿಸಬೇಕಾಗಿಲ್ಲ. ಹಾಗೆ ಮಲಗಿದ್ದವನೇ ಸಮುದ್ರದ ತಳದಲ್ಲಿ ಮೇಲೆ ಕೆಳಗೆ ಎಡಕ್ಕೆ ಬಲಕ್ಕೆ ಮನಸ್ಸು ಬಂದ ಕಡೆ ಈಜಾಡುವ ಹುಡುಗನನ್ನು ಕಟ್ಟಿದ. ಜರ್ಮನ್ ಸೇನೆ ಲೆನಿನ್‌ಗ್ರಾಡಿನ ಹೊರವಲಯಕ್ಕೆ ಬಂದಾಗ ಪುಷ್ಕಿನ್ ಎಂಬ ಊರಿನಲ್ಲೇ ಉಳಿದುಕೊಂಡ. 1942ರ ಜನವರಿಯ ಚಳಿಯಲ್ಲಿ, ಹಸಿವಿನಲ್ಲಿ ತೀರಿಕೊಂಡ. ಇಪ್ಪತ್ತು ವರ್ಷದ ಮೇಲೆ ಬಂದ ಇಕ್ತಿಯಾಂಡರನ ಸಿನಿಮಾಕ್ಕೆ ಸೋವಿಯತ್ ನಾಡಿನಲ್ಲಿ ಆರು ಕೋಟಿಗೂ ಮಿಕ್ಕಿ ಟಿಕೆಟ್ ಹರಿದವು.

ಇಷ್ಟು ತಿಳಿಯಿತಲ್ಲ, ಇನ್ನು ಪುಸ್ತಕ. ಮಗ ಫೋನಿನಲ್ಲೇ ಎರಡು ನಿಮಿಷದಲ್ಲಿ ಸ್ಕ್ಯಾನ್ ಪ್ರತಿ ಇಳಿಸಿಕೊಟ್ಟು, ‘ಮುಗೀತಲ್ಲಮ್ಮ’ ಅಂದ. ಹಳೆಯ ಸೋವಿಯತ್ ಪುಸ್ತಕಗಳನ್ನು ಹುಡುಕಿ, ಸ್ಕ್ಯಾನ್ ಮಾಡಿ, ಇಂಟರ್ನೆಟ್ ಆರ್ಕೈವಿಗೆ ಏರಿಸುವ ಪುಣ್ಯಾತ್ಮರು ನಮ್ಮ ದೇಶದಲ್ಲೇ ಇದ್ದಾರೆ. ಅವರಿಗೆ ನಮಸ್ಕಾರ. ಆದರೆ ಫೋನಿನಲ್ಲಿ ಬೆರಳಾಡಿಸಿ ಎರಡು ಪುಟ ಓದಿ ಮುಚ್ಚಿಟ್ಟೆ. ನನಗೆ ಮಾಮನ ಕೈಯಲ್ಲಿದ್ದ ವಸ್ತು ಬೇಕಿತ್ತು. ಹಠ ಅನ್ನಿ, ಮೊಂಡುತನ ಅನ್ನಿ.

ಹೆಸರಿದ್ದರೂ ಪುಸ್ತಕ ಸಿಗುವುದು ಸುಲಭವಾಗಲಿಲ್ಲ. ಮಾಸ್ಕೋದ ಪ್ರೋಗ್ರೆಸ್ ಪ್ರಕಾಶನದಿಂದ 1982ರಲ್ಲಿ ಒಡೆದು ಬಂದ ರಾದುಗಾ ಎಂಬ ಸಂಸ್ಥೆ ಇದನ್ನು ಇಂಗ್ಲಿಷಿನಲ್ಲಿ 1986ರಲ್ಲಿ ಅಚ್ಚು ಹಾಕಿತ್ತು. 1991ರಲ್ಲಿ ದೇಶವೇ ಇಲ್ಲವಾಯಿತು, ಪುಸ್ತಕದ ಹಡಗುಗಳೂ ನಿಂತವು. ಚರ್ಚ್ ಸ್ಟ್ರೀಟಿನ ಬ್ಲಾಸಮ್, ಬ್ರಿಗೇಡ್ ರಸ್ತೆಯ ಸಂದಿಯ ಸೆಲೆಕ್ಟ್ ಎಲ್ಲವನ್ನೂ ಸುತ್ತಿದೆ. ಹೈದರಾಬಾದಿಗೆ ಮದುವೆಗೆ ಹೋದವಳು ಅಬಿಡ್ಸ್‌ನ ಭಾನುವಾರದ ಫುಟ್‌ಪಾತಿನಲ್ಲಿ ರೇಷ್ಮೆ ಸೀರೆಯಲ್ಲೇ ಕುಕ್ಕುರುಗಾಲಲ್ಲಿ ಕೂತು ಗುಡ್ಡೆ ಕೆದಕಿದೆ. ವಿದೇಶದ ಒಬ್ಬ ಮಾರಾಟಗಾರ ಆನ್‌ಲೈನಿನಲ್ಲಿ ಒಂದು ಪ್ರತಿಗೆ ಕೇಳಿದ ಬೆಲೆಗೆ ಮಾಮ ಇಡೀ ಟ್ರಂಕನ್ನೇ ತುಂಬಿಸಿಕೊಂಡು ಬರುತ್ತಿದ್ದ.

ಈ ಅಲೆದಾಟದಲ್ಲಿ ಒಂದು ಸಂಗತಿ ಕಣ್ಣಿಗೆ ಹೊಡೆಯಿತು. ಸೋವಿಯತ್ ಪುಸ್ತಕಗಳು ಸಿಗುವುದಿಲ್ಲ ಎನ್ನುವುದು ಸುಳ್ಳು. ಪಕ್ಷದ ಮಹಾಧಿವೇಶನಗಳ ವರದಿಗಳು ಸಿಗುತ್ತವೆ, ಪುಟದ ಅಂಚು ಕೂಡ ಮಡಿಚಿರುವುದಿಲ್ಲ. ಲೆನಿನ್ನನ ಸಂಪುಟಗಳು ನಿನ್ನೆ ಅಂಗಡಿಗೆ ಬಂದವೋ ಎಂಬಷ್ಟು ಹೊಸದಾಗಿ ಸಿಗುತ್ತವೆ. ಬ್ರೆಜ್ನೇವ್ ಭಾಷಣಗಳಂತೂ ಬೇಡವೆಂದರೂ ಕೊಡುತ್ತಾರೆ. ಸಿಗದೆ ಇರುವುದು ಮಕ್ಕಳ ಕಥೆ, ವಿಜ್ಞಾನ ಕಾದಂಬರಿ, ಮೋಜಿನ ಗಣಿತ. ಜನ ಓದದೆ ಬಿಟ್ಟದ್ದೆಲ್ಲ ಉಳಿಯಿತು, ಓದಿದ್ದು ಸವೆದು ಹೋಯಿತು. ನಮ್ಮಲ್ಲೂ ಅಷ್ಟೇ. ಅಭಿನಂದನ ಗ್ರಂಥಗಳು ಮೂರು ತಲೆಮಾರು ಕಪಾಟಿನಲ್ಲಿ ಸುಖವಾಗಿರುತ್ತವೆ. ಸರ್ಕ್ಯುಲೇಟಿಂಗ್ ಲೈಬ್ರರಿಯಲ್ಲಿ ದಿನಕ್ಕೆ ನಾಲ್ಕಾಣೆಗೆ ಮನೆಮನೆ ಸುತ್ತಿದ ಪತ್ತೇದಾರಿ ಕಾದಂಬರಿ ಈಗ ಎಲ್ಲಿದೆ ಹೇಳಿ?

ಕೊನೆಗೆ ಸಿಕ್ಕಿದ್ದು ಅವೆನ್ಯೂ ರಸ್ತೆಯಲ್ಲೇ. ನಾನು ಓದಿದ್ದೋ ಕೇಳಿದ್ದೋ ಎಂದು ವಿಚಾರಿಸಿದ್ದ ಹಿರಿಯರು ನನ್ನ ನಂಬರ್ ಬರೆದಿಟ್ಟುಕೊಂಡಿದ್ದರು. ‘ಮೇಡಂ, ನಿಮ್ಮ ಮೀನು ಸಿಕ್ಕಿದೆ’ ಎಂದು ಫೋನ್ ಮಾಡಿದರು. ಅರವತ್ತು ರೂಪಾಯಿ. ಚೌಕಾಸಿ ಮಾಡಲು ನಾಲಿಗೆ ಏಳಲಿಲ್ಲ.

ಪ್ರತಿಯ ಸ್ಥಿತಿ ಹೇಳುತ್ತೇನೆ. ಬೆನ್ನಿನ ಬಟ್ಟೆ ಕಿತ್ತು ಹೋಗಿ ಮರು ಬೈಂಡಾಗಿದೆ. ಬೈಂಡ್ ಮಾಡಿದವನು ಪುಟಗಳನ್ನು ನೇರ ಮಾಡಲು ಹೋಗಿ ಮೇಲಿನ ಸಾಲುಗಳ ತಲೆ ಕತ್ತರಿಸಿದ್ದಾನೆ. ಒಂದು ಚಿತ್ರಕ್ಕೆ ಯಾರೋ ಬಾಲ್ ಪೆನ್ನಿನಲ್ಲಿ ಮೀಸೆ ಬರೆದಿದ್ದಾರೆ. ಮೊದಲ ಪುಟದಲ್ಲಿ ಒಂದು ಗ್ರಂಥಾಲಯದ ಮೊಹರು, ಅದರ ಮೇಲೆ ಓರೆಯಾಗಿ ‘ರದ್ದು’ ಎಂಬ ಇನ್ನೊಂದು ಮೊಹರು. ಕೊನೆಯಲ್ಲಿ ಪುಸ್ತಕ ಹಿಂದಿರುಗಿಸುವ ದಿನಾಂಕದ ಚೀಟಿ. ಒಂದಲ್ಲ, ಒಂದು ತುಂಬಿದ ಮೇಲೆ ಅದರ ಮೇಲೆ ಇನ್ನೊಂದು, ಅದೂ ತುಂಬಿ ಮತ್ತೊಂದು. ನೇರಳೆ ಶಾಯಿಯ ದಿನಾಂಕಗಳು ಒಂದರ ಮೇಲೊಂದು ಬಿದ್ದಿವೆ. ಏಪ್ರಿಲ್, ಮೇ ತಿಂಗಳಲ್ಲಿ ಒತ್ತೊತ್ತಾಗಿ, ಪರೀಕ್ಷೆಯ ಕಾಲದಲ್ಲಿ ವಿರಳವಾಗಿ. ಆ ಊರಿನ ಮಕ್ಕಳ ಬೇಸಿಗೆ ರಜೆಗಳೆಲ್ಲ ಆ ಚೀಟಿಯಲ್ಲಿದ್ದವು. ಅಷ್ಟು ಜನ ಓದಿದ್ದರಿಂದಲೇ ಪುಸ್ತಕ ಹರಿಯಿತು, ಹರಿದಿದ್ದರಿಂದ ರದ್ದಾಯಿತು. ನಿಯಮವೇ ಹಾಗಿರಬಹುದು. ಆದರೆ ಹರಿದದ್ದನ್ನು ತೆಗೆದುಹಾಕುವಾಗ ಅದೇ ಪುಸ್ತಕದ ಇನ್ನೊಂದು ಪ್ರತಿ ತರಿಸಬೇಕು ಎನ್ನುವ ನಿಯಮವನ್ನು ಯಾರೂ ಮಾಡಿದ ಹಾಗಿಲ್ಲ.

ಒಂದೇ ಕೂರಿಕೆಗೆ ಓದಿದೆ. ಓದುತ್ತಾ ಹೋದಂತೆ ಗಲಿಬಿಲಿ. ಮುತ್ತು ತೆಗೆಯುವವರ ಮುಷ್ಕರ ಎಲ್ಲಿ? ಮಾಮನ ಕಥೆಯ ಜೀವಾಳವೇ ಅದಾಗಿತ್ತು. ಸಾಹುಕಾರ ಕೂಲಿ ಕಡಿತ ಮಾಡುತ್ತಾನೆ, ಮುಳುಗುಗಾರರು ಹಡಗಿನ ಮುಂದೆ ಗೇಟ್ ಮೀಟಿಂಗ್ ಮಾಡುತ್ತಾರೆ, ಬೋನಸ್ ಕೊಡದಿದ್ದರೆ ನೀರಿಗಿಳಿಯುವುದಿಲ್ಲ ಎಂದು ಪಟ್ಟು ಹಿಡಿಯುತ್ತಾರೆ. ಮೀನಪ್ಪ ರಾತ್ರೋರಾತ್ರಿ ಲಂಗರಿನ ಹಗ್ಗ ಕೊಯ್ದು ಮುಷ್ಕರಕ್ಕೆ ಬೆಂಬಲ ಕೊಡುತ್ತಾನೆ. ಆ ಭಾಗ ಹೇಳುವಾಗ ಮಾಮ ಎದ್ದು ನಿಂತೇ ಹೇಳುತ್ತಿದ್ದ. ಬೆಲ್ಯಾಯೆವ್ ಅದರ ಒಂದು ಸಾಲನ್ನೂ ಬರೆದಿಲ್ಲ. ಪುಸ್ತಕದಲ್ಲಿ ಓಲ್ಸೆನ್ ಎಂಬ ಗುಂಡಿ ಕಾರ್ಖಾನೆಯ ಕೆಲಸಗಾರನೊಬ್ಬ ಬರುತ್ತಾನೆ. ಒಳ್ಳೆಯವನು, ಆದರೆ ಪಾತ್ರ ಸಣ್ಣದು. ಮಾಮ ಅವನನ್ನೇ ಹಿಡಿದು ಯೂನಿಯನ್ ಸೆಕ್ರೆಟರಿ ಮಾಡಿಬಿಟ್ಟಿದ್ದ.

ಹಾಗೆಯೇ, ಮಾಮ ಹಾರಿಸಿಬಿಟ್ಟಿದ್ದ ಒಂದು ಭಾಗ ಪುಸ್ತಕದಲ್ಲಿ ತುಂಬ ಚೆನ್ನಾಗಿದೆ. ಸಾಲ್ವಟೋರನ ಮೇಲೆ ನಡೆಯುವ ಮೊಕದ್ದಮೆ. ದೇವರು ತನ್ನ ರೂಪದಲ್ಲಿ ಮಾಡಿದ ಮನುಷ್ಯನನ್ನು ತಿದ್ದಲು ಇವನಾರು ಎಂಬುದು ಬಿಷಪ್ಪನ ಸಿಟ್ಟು. ಡಾಕ್ಟರು ತಣ್ಣಗೆ ಉತ್ತರ ಕೊಡುತ್ತಾನೆ. ಪಾದ್ರಿಯ ಮಗ, ಮಾಜಿ ವಕೀಲ ಬರೆದ ಪುಟಗಳು ಇವು ಎನ್ನುವುದು ಹೇಳದೆಯೇ ತಿಳಿಯುತ್ತದೆ. ಇವತ್ತು ವಂಶವಾಹಿಗಳನ್ನು ತಿದ್ದುವ ಬಗ್ಗೆ ನಡೆಯುವ ಚರ್ಚೆಗಳಲ್ಲಿ ಬಿಷಪ್ಪನ ಕಡೆಯವರೂ ಸಾಲ್ವಟೋರನ ಕಡೆಯವರೂ ಹೆಚ್ಚುಕಮ್ಮಿ ಅದೇ ಮಾತು ಆಡುತ್ತಿದ್ದಾರೆ. ಬಹುಶಃ ಮಕ್ಕಳಿಗೆ ಬೇಸರವಾಗುತ್ತದೆಂದು ಮಾಮ ಕೋರ್ಟನ್ನು ಬಿಟ್ಟಿರಬೇಕು. ಇಲ್ಲವೇ ಲೇಬರ್ ಕೋರ್ಟು ಅಲೆದು ಅವನಿಗೇ ಸಾಕಾಗಿತ್ತೋ ಏನೋ.

ಮುಕ್ತಾಯವೂ ಬೇರೆ. ಸೆರೆಮನೆಯ ಕೊಳೆತ ನೀರಿನ ತೊಟ್ಟಿಯಲ್ಲಿದ್ದು ಹುಡುಗನ ಶ್ವಾಸಕೋಶ ಕೆಡುತ್ತದೆ. ಇನ್ನು ಮೇಲೆ ಅವನು ನೆಲದ ಮೇಲೆ ಹೆಚ್ಚು ಹೊತ್ತು ಬದುಕಲಾರ. ನೀರು ತರುವ ಗಾಡಿಯ ಪೀಪಾಯಿಯಲ್ಲಿ ಅವನನ್ನು ಅಡಗಿಸಿ ಕಡಲಿಗೆ ಬಿಡುತ್ತಾರೆ. ದೂರದ ಶಾಂತಸಾಗರದ ದ್ವೀಪಕ್ಕೆ ಹೋಗೆಂದು ಡಾಕ್ಟರು ಹೇಳಿ ಕಳಿಸುತ್ತಾನೆ. ಗುಟ್ಟಿಯೆರೆ ಓಲ್ಸೆನ್ ಜೊತೆ ಅಮೆರಿಕಕ್ಕೆ ಹೋಗುತ್ತಾಳೆ. ಹೆತ್ತ ತಂದೆ ಬುದ್ಧಿ ಕೆಟ್ಟು ದಡದಲ್ಲಿ ಮಗನ ಹೆಸರು ಕೂಗುತ್ತಾ ಉಳಿಯುತ್ತಾನೆ. ಮಕ್ಕಳಿಗೆ ಇದನ್ನೆಲ್ಲ ಹೇಳಲು ಮಾಮನಿಗೆ ಮನಸ್ಸಾಗಿರಲಿಲ್ಲ. ಅವನ ಮೀನಪ್ಪ ಆಫ್ರಿಕಾ ಸುತ್ತಿಕೊಂಡು ಅರಬ್ಬೀ ಸಮುದ್ರಕ್ಕೆ ಬಂದಿದ್ದ. ‘ಆಮೇಲೇನಾತು ಮಾಮ?’ ಅಂದರೆ, ‘ಏನಾಗದವ್ವಾ, ಈಗ ಕಾರವಾರದ ಕಡೆ ಎಲ್ಲೋ ಅದಾನ, ಬೆಸ್ತರಿಗೆ ಮೀನು ಹಾಕ್ಕೊಡ್ತಾ’ ಅನ್ನುತ್ತಿದ್ದ. ಶಾಲೆಯ ಪ್ರವಾಸಕ್ಕೆ ಕಾರವಾರಕ್ಕೆ ಹೋದಾಗ ನಾನು ದಡದ ಬೆಸ್ತರೊಬ್ಬರನ್ನು ಈ ಬಗ್ಗೆ ವಿಚಾರಿಸಿದ್ದೂ ಉಂಟು. ಅವರು ಬಹಳ ಗಂಭೀರವಾಗಿ, ಮಳೆಗಾಲ ಕಳೆದ ಮೇಲೆ ಬರುತ್ತಾನೆ ಎಂದಿದ್ದರು.

ಎರಡರಲ್ಲಿ ಯಾವುದು ಒಳ್ಳೆಯದು ಎಂದು ಮಗ ಕೇಳಿದ. ಕಾದಂಬರಿಯಾಗಿ ಬೆಲ್ಯಾಯೆವ್‌ನದೇ ಒಳ್ಳೆಯದು, ಅನುಮಾನವಿಲ್ಲ. ಮಾಮನ ಮುಷ್ಕರ ಕಥೆಯ ನಡುವೆ ಎದ್ದು ಕಾಣುವ ತೇಪೆ. ಆದರೆ ಬೆಲ್ಯಾಯೆವ್ ಸಿಗುತ್ತಾನೆ. ಅರವತ್ತು ರೂಪಾಯಿಗೆ ಕಾಗದದಲ್ಲಿ, ಪುಕ್ಕಟೆಯಾಗಿ ಫೋನಿನಲ್ಲಿ. ಮಾಮನ ಆವೃತ್ತಿ ಅಚ್ಚಾಗಿಯೇ ಇರಲಿಲ್ಲ. ನಾವು ನಾಲ್ಕು ಜನ ಸೋದರಸಂಬಂಧಿಗಳಿಗೆ ನೆನಪಿರುವಷ್ಟೇ ಅದರ ಆಯುಸ್ಸು. ಅವರಿಗೂ ಫೋನ್ ಮಾಡಿ, ಯಾರಿಗೆ ಎಷ್ಟು ನೆನಪಿದೆಯೋ ಅಷ್ಟನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೇನೆ. ಬೋನಸ್ ಎಷ್ಟು ಪರ್ಸೆಂಟ್ ಕೇಳಿದ್ದರು ಎಂಬ ಬಗ್ಗೆ ಒಮ್ಮತ ಮೂಡಿಲ್ಲ.

ಕನ್ನಡದ ಗತಿ ಇನ್ನೂ ಕಷ್ಟ. ಮಾಸ್ಕೋದ ಪುಸ್ತಕ ಕಾಯುವವರು ಜಗತ್ತಿನ ತುಂಬ ಇದ್ದಾರೆ. ರಾಜಶೇಖರ ಭೂಸನೂರಮಠರ ವಿಜ್ಞಾನ ಕಥೆಗಳನ್ನು ಓದಿ ಬೆಳೆದ ನಾವು ಅವರ ಎಷ್ಟು ಪುಸ್ತಕಗಳನ್ನು ಇವತ್ತು ಅಂಗಡಿಗೆ ಹೋಗಿ ಕೊಳ್ಳಬಲ್ಲೆವು? ವಾರಪತ್ರಿಕೆಗಳಲ್ಲಿ ಧಾರಾವಾಹಿಯಾಗಿ ಬಂದು ಪುಸ್ತಕವೇ ಆಗದೆ ಉಳಿದ ಕಥೆಗಳ ಲೆಕ್ಕ ಇಟ್ಟವರಾರು? ಹಿಂದೆ ಮನೆಯ ಹೆಂಗಸರು ಆ ಪುಟಗಳನ್ನು ವಾರವಾರ ಹರಿದು, ಜೋಡಿಸಿ, ದಬ್ಬಣದಲ್ಲಿ ಹೊಲಿದು ಇಡುತ್ತಿದ್ದರು. ಎಷ್ಟೋ ಕಾದಂಬರಿಗಳ ಏಕೈಕ ಪುಸ್ತಕರೂಪ ಅದೇ ಇರಬಹುದು.

ಅಂಥದ್ದೇನಾದರೂ ನಿಮ್ಮ ಅಟ್ಟದ ಮೇಲಿದ್ದರೆ ರದ್ದಿಯವನನ್ನು ಕೂಗುವ ಮೊದಲು ಒಮ್ಮೆ ಇಳಿಸಿ ನೋಡಿ. ಹೆಸರು, ಬರೆದವರು, ಪ್ರಕಾಶಕರು, ವರ್ಷ ಇರುವ ಪುಟದ ಒಂದು ಫೋಟೊ ತೆಗೆದಿಡಿ. ಕನ್ನಡದ ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಎಲ್ಲರಿಗೂ ಸಿಗುವಂತೆ ಏರಿಸುವ ಹುಡುಗರು ಬೆಂಗಳೂರಿನಲ್ಲಿದ್ದಾರೆ, ಅವರಿಗೆ ನಾಲ್ಕು ದಿನದ ಮಟ್ಟಿಗೆ ಕೊಡಿ. ಹರಿದಿದೆ, ಗೆದ್ದಲು ಹಿಡಿದಿದೆ, ಮಕ್ಕಳು ಗೀಚಿದ್ದಾರೆ ಎಂದು ಸಂಕೋಚಪಡಬೇಡಿ. ಚೆನ್ನಾಗಿರುವ ಪ್ರತಿ ಎಲ್ಲಾದರೂ ಸಿಗುತ್ತದೆ ಎಂದು ಕಾಯುತ್ತ ಕೂರುವುದೂ ಬೇಡ. ಎಲ್ಲರೂ ಓದಿದ ಪುಸ್ತಕಕ್ಕೆ ಚೆನ್ನಾಗಿರುವ ಪ್ರತಿ ಇರುವುದಿಲ್ಲ.